ಮ್ಹೋಫು ಮಾವನ ಹಿಂದೆ ನಡೆಯುವ ಕೋವಿ

ಆಗಸ್ಟ್ 4, ಹರಾರೆ

ಮತ್ತೆ ಕೋವಿ ಅಂಗಡಿ. ಮೂರನೇ ಸಲ. ಮಾಲೀಕ ಮಕೋನಿಯದು ಅದೇ ರಾಗ — "ಐನೂರು ಕ್ಯಾಲಿಬರಿಂದು ತಗೊಳ್ಳಿ ಸಾರ್, ಆನೆನೂ ಕೂತ್ಬಿಡುತ್ತೆ." ಹತ್ತೊಂಬತ್ತು ವರ್ಷದಿಂದ ದುಡ್ಡು ಕೊಟ್ಟು ಬರುವ ಅತಿಥಿಗಳನ್ನು ಸಫಾರಿ ಬೇಟೆಗೆ ಕರೆದೊಯ್ದೇ ಅನ್ನ ಉಣ್ಣುತ್ತಿರುವ ನನಗೇ ಪಾಠ! ಆದರೂ ತೆಗೆದುಕೊಂಡೆ. ಐದು ಕಿಲೋ ಕಬ್ಬಿಣ.

ಹಳೆಯದರ ಮೇಲೆ ನಂಬಿಕೆ ಹೋಗಿದೆ. ಹೋದ ವರ್ಷ ಗಾಯಗೊಂಡ ಕಾಡುಕೋಣ ನುಗ್ಗಿ ಬಂದಾಗ ತೋಟಾ ಕೋವಿಯೊಳಗೇ ಸಿಕ್ಕಿಕೊಂಡಿತು. ಮ್ಹೋಫು ಮಾವನ ಮೂರು ಪಕ್ಕೆಲುಬು ಮುರಿಯಿತು. ಜಾಡು ಹಿಡಿಯುವವನು ಅವನು, ಬರಿಗೈಯಲ್ಲಿ ನನ್ನ ಮುಂದೆ ನಡೆಯುತ್ತಾನೆ.

ಆಗಸ್ಟ್ 11, ಕ್ಯಾಂಪ್

ಮಾವ ಹೊಸ ಕೋವಿ ಎತ್ತಿ ನೋಡಿದ. ಕೆಳಗಿಟ್ಟ.

"ಇದರ ಮುಂದೆ ನಾನು ನಡೆಯಲ್ಲ ಶುಂಬಾ."

"ಯಾಕೆ?"

"ಸುಮ್ನೆ. ಆ ಮುನ್ನೂರೆಪ್ಪತ್ತೈದು ಇದ್ಯಲ್ಲ, ಅದನ್ನ ತಗೋ."

ಸುಮ್ಮನೆಯಂತೆ! ಅದು ಅತಿಥಿಗಳ ಹೆಂಡತಿಯರಿಗೆ ಕೊಡುವ ಕೋವಿ. ಇಷ್ಟು ಅಲೆದು ತಂದವನಿಗೆ ಇದೇ ಮರ್ಯಾದೆ... ಶುಂಬಾ ಎಂದರೆ ಸಿಂಹ, ನಮ್ಮ ಕುಲ. ಅವನು ಕುಲದ ಹೆಸರು ಹಿಡಿದು ಕರೆದನೆಂದರೆ ವಾದ ಮುಗಿದಂತೆ.

ಆಗಸ್ಟ್ 17, ಸಂಜೆ

ಅತಿಥಿ ಬಂದಿಳಿದ. ಗ್ರೂಬರ್, ಆಸ್ಟ್ರಿಯಾದ ಹಲ್ಲಿನ ಡಾಕ್ಟರು. ಜೋಡಿನಳಿಗೆ ಕೋವಿ, ಬಾಯಿ ಅದಕ್ಕಿಂತ ದೊಡ್ಡದು.

ಗುರಿ ಪರೀಕ್ಷೆ. ಮಾವನ ಹಳೆಯ ಕುಚೇಷ್ಟೆ — ಬೆನ್ನ ಹಿಂದೆ ತೋಟಾ ತುಂಬಿ ಕೊಡುವುದು, ನಡುವೆ ಒಂದು ಖಾಲಿಯದು. ಗ್ರೂಬರ್ ಟ್ರಿಗರ್ ಎಳೆದ. ಗುಂಡು ಹಾರಲಿಲ್ಲ, ಒದೆತಕ್ಕೆ ಮೊದಲೇ ಹೆದರಿದವನ ನಳಿಗೆ ಮಾತ್ರ ಗಕ್ಕನೆ ಕುಸಿಯಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

"ಈಗ ನೀನು," ಎಂದ ಮಾವ.

ಹೊಸ ಕೋವಿಯಿಂದ ಮೂರು ಗುಂಡು. ಆಮೇಲೆ ಕ್ಲಿಕ್. ನನ್ನ ನಳಿಗೆ ಒಂದು ಗೇಣು ಕೆಳಗೆ! ಕಣ್ಣೂ ಮುಚ್ಚಿತ್ತು.

"ಸಿಂಹದ ಕುಲದವನು ಕಣ್ಮುಚ್ಕೊಂಡು ಹೊಡೀತಾನಾ?"

ಅಡುಗೆಯವನೂ ನಕ್ಕ. ಊಟ ಬಿಟ್ಟು ಎದ್ದು ಬಂದೆ. ಕೋವಿಯ ಒದೆತಕ್ಕೆ ಭುಜವೆಲ್ಲ ನೀಲಿ. ಮೈ ಉರಿಯುತ್ತಿದೆ.

ಆಗಸ್ಟ್ 18

ಯಾರೂ ಏಳುವ ಮೊದಲು ಮಾವನನ್ನು ಎಬ್ಬಿಸಿ ಕ್ಯಾಂಪಿನಿಂದ ದೂರ ಕರೆದೊಯ್ದೆ. ಮುನ್ನೂರೆಪ್ಪತ್ತೈದು. ಇಪ್ಪತ್ತು ಸಲ, ಅದರಲ್ಲಿ ಎಂಟು ಖಾಲಿ. ನಳಿಗೆ ಕದಲಲಿಲ್ಲ. ಥೂ.

ಆಗಸ್ಟ್ 21, ಬೆಳಿಗ್ಗೆ 9:40

ಗ್ರೂಬರ್ ಕೋಣದ ಹೊಟ್ಟೆಗೆ ಹೊಡೆದ. ಹೊಟ್ಟೆಗೆ! ಅದು ಸಾಯದೆ ಪೊದೆ ಸೇರಿದೆ. ಅದು ನಿತ್ರಾಣವಾಗಲೆಂದು ಅರ್ಧ ಗಂಟೆ ಬಿಟ್ಟು ಒಳಗೆ ಹೋಗಬೇಕು. ಗ್ರೂಬರನನ್ನು ಜೀಪಿಗೆ ಅಟ್ಟಿದ್ದೇನೆ. ಹೊತ್ತು ಹೋಗಲಿ ಎಂದು ಬರೆಯುತ್ತಿದ್ದೇನೆ. ಮೊಣಕಾಲ ಮೇಲೆ ಮುನ್ನೂರೆಪ್ಪತ್ತೈದು.

ಮಾವ ಹಲ್ಲಿನಲ್ಲಿ ಹುಲ್ಲುಕಡ್ಡಿ ಕಚ್ಚಿಕೊಂಡು ಕೇಳಿದ, "ಹೋದ ವರ್ಷ ತೋಟಾ ನಿಜವಾಗ್ಲೂ ಸಿಕ್ಕಾಕ್ಕೊಂಡಿತ್ತಾ?"

ಹೌದು ಎನ್ನಲು ಬಾಯಿ ತೆರೆದೆ. ಒಂದು ವರ್ಷದಿಂದ ಎಲ್ಲರಿಗೂ ಹೇಳಿದ್ದು ಅದನ್ನೇ. ಬೇಟೆ ಪರವಾನಗಿ ಕೊಡುವ ಬೋರ್ಡಿನ ಸಾಹೇಬರಿಗೆ, ನನ್ನ ಹೆಂಡತಿಗೆ, ಈ ಪುಸ್ತಕಕ್ಕೂ.

"ಇಲ್ಲ ಮಾವ. ಕೋವಿ ಸರಿಯಾಗೇ ಇತ್ತು. ಹೆದರಿ ಕಣ್ಮುಚ್ದೆ. ಗುಂಡು ಎಲ್ಲಿಗೆ ಹೋಯ್ತೋ ನಂಗೇ ಗೊತ್ತಿಲ್ಲ."

"ನಂಗೊತ್ತಿತ್ತು. ಮುಂದೆ ನಿಂತಿದ್ದೋನು ನಾನಲ್ವಾ? ಕಿವಿ ಪಕ್ಕದಲ್ಲೇ ಹೋಯ್ತು."

ನಾಚಿಕೆಯಿಂದ ಸತ್ತೆ. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಪಕ್ಕೆ ಹಿಡಿದುಕೊಂಡು ಎದ್ದ, ಜೇಬಿನಿಂದ ಚಿಟಿಕೆ ಬೂದಿ ತೂರಿ ಗಾಳಿಯ ದಿಕ್ಕು ನೋಡಿದ, ನನ್ನ ಮುಂದೆ ಬಂದು ನಿಂತ.

"ನಡಿ."

ಇನ್ನೂ ಐದು ನಿಮಿಷವಿದೆ ಎಂದರೆ ಕೇಳುತ್ತಿಲ್ಲ. ಬೆನ್ನು ತಿರುಗಿಸಿ ಹೊರಟೇಬಿಟ್ಟ. ಅವನ ಭುಜದಾಚೆ ಪೊದೆ ಅಲುಗು—