ದಾರಿ ಬಿಟ್ಟ ಅಲ್ಯುಮಿನಿಯಂ

ಮಾರ್ಚ್ 4, ಬೆಳಿಗ್ಗೆ
ಮತ್ತೆ ಹಾಳೆ ಜೋಡಿಸುವ ಕಾಯಕ. ಕೂದಲಿಗಿಂತ ತೆಳುವಾದ ಅಲ್ಯುಮಿನಿಯಂ. ಜೋರಾಗಿ ಉಸಿರು ಬಿಟ್ಟರೆ ಸುಕ್ಕು. ಎಕ್ಸ್-ರೇ ಲೇಸರಿನ ಒಂದು ಪಲ್ಸ್, ಅಂದರೆ ಕ್ಷಣಮಾತ್ರದ ಮಿಂಚು, ಬಿದ್ದರೆ ಅಲ್ಲೊಂದು ತೂತು — ವೀರಮರಣ. ಆದ್ದರಿಂದ ಪ್ರತಿ ಪಲ್ಸಿಗೂ ಹಾಳೆ ಸರಿಸಿ ಹೊಸ ಜಾಗ ಒಡ್ಡಬೇಕು. ಆ ಪವಿತ್ರ ಹೊಣೆ ನನ್ನದು.
ಅಮ್ಮನ ಫೋನ್. "ಅಷ್ಟು ಓದಿ ಏನೋ ಮಾಡ್ತಿದ್ದೀಯ?"
"ತೂತು ಹೊಡೀತಿದ್ದೀನಮ್ಮ."
"ಅದನ್ನ ಮನೇಲೂ ಮಾಡ್ತಿದ್ಯಲ್ಲ."

ಮಾರ್ಚ್ 4, ಸಂಜೆ
ತಾಲೀಮಿನಲ್ಲಿ ಹಾಳೆಯೇ ಇಲ್ಲದ ಖಾಲಿ ಚೌಕಟ್ಟು ಇಟ್ಟೆ. ಕಿರಣ ಪೂರ್ತಿ ದಾಟಿತು. ಅಕ್ಕ — ಲ್ಯಾಬಿನ ಸೀನಿಯರ್, ಪ್ರಯೋಗ ಅವಳದು, ಥೀಸಿಸ್ ಅವಳದು, ನಾನು ಬರೀ ಜೂನಿಯರ್ — "ಲೋಹ ಪಾರದರ್ಶಕ ಆಯ್ತು!" ಎಂದು ಗೈಡ್‌ಗೆ ಫೋನ್ ಮಾಡಿಬಿಟ್ಟಳು. ಅವರು ಏದುಸಿರು ಬಿಡುತ್ತ ಬಂದರು. ಚೌಕಟ್ಟಿನೊಳಗೆ ಬೆರಳು ತೂರಿಸಿ ತೋರಿಸಿದೆ. ಯಾರೂ ನಗಲಿಲ್ಲ. ಈ ಲ್ಯಾಬಿನ ಹಾಸ್ಯಪ್ರಜ್ಞೆಗೆ ಎರಡು ನಿಮಿಷ ಮೌನ.

ಮಾರ್ಚ್ 7
ಅಸಲಿ ಪ್ರಯೋಗ. ಕಡಿಮೆ ಶಕ್ತಿಯಲ್ಲಿ ಹಾಳೆ ಎಕ್ಸ್-ರೇಯನ್ನು ಸಭ್ಯವಾಗಿ ನುಂಗಿತು. ಶಕ್ತಿ ಪೂರ್ತಿ ಏರಿಸಿದೆವು... ದಾಟಿಬಂತು! ಅಕ್ಕ ಲೆಕ್ಕ ಹಾಕಿದ್ದೇ ಅದು. ಪಲ್ಸಿನ ಮುಂಭಾಗ ಪರಮಾಣುವಿನೊಳಗಿನ ಎಲೆಕ್ಟ್ರಾನುಗಳನ್ನು ಕಿತ್ತೆಸೆಯುತ್ತದೆ. ಹಿಂಭಾಗವನ್ನು ತಡೆಯಲು ಆಮೇಲೆ ಯಾರಿದ್ದಾರೆ? ಮೊದಲು ನುಗ್ಗಿದವರು ಗೇಟ್‌ಕೀಪರನ್ನೇ ಕೆಡವಿದರೆ ಹಿಂದಿನವರನ್ನು ಟಿಕೆಟ್ ಕೇಳುವವರಿಲ್ಲ. ಹಾಳೆ ಸಿಡಿಯುವುದು ಇದೆಲ್ಲ ಮುಗಿದ ಮೇಲೆ.
ಅಕ್ಕ ಪರದೆ ನೋಡಲಿಲ್ಲ. ನನ್ನನ್ನು ನೋಡಿದಳು.
"ಚೌಕಟ್ಟು ತೆಗಿ."
"ಹಾಳೆ ಇದೆ ಅಕ್ಕ, ನಿನ್ನಾಣೆ."
"ಹಾಗಾದ್ರೆ ಸರಿಸಿಲ್ಲ. ಹಳೇ ತೂತಿಗೇ ಹೊಡೆದಿದ್ದೀಯ."
ತೆಗೆದು ನೋಡಿದೆವು. ಹೊಡೆತದ ರಭಸಕ್ಕೆ ತೂತುಗಳ ಅಂಚು ಹರಿದು ಒಂದಕ್ಕೊಂದು ಸೇರಿಹೋಗಿದೆ. ಸಾಕ್ಷಿಯೇ ಚಿಂದಿ.
ಗೈಡ್: "ಇವನ ಕೈ ತಾಗಿದ ಯಾವುದನ್ನೂ ನಾನು ನಂಬಲ್ಲಮ್ಮ."

ಮಾರ್ಚ್ 8, ಬೆಳಿಗ್ಗೆ
ಲೇಸರ್ ಮಧ್ಯಾಹ್ನದವರೆಗೆ ಮಾತ್ರ ನಮ್ಮದು. ಮತ್ತೆ ಸಿಗುವುದು ಮುಂದಿನ ವರ್ಷ. ಅಕ್ಕನ ಫೆಲೋಶಿಪ್ ಅದಕ್ಕೂ ಮೊದಲೇ ಮುಗಿಯುತ್ತದೆ. ಉಳಿದಿರುವುದು ಒಂದೇ ಹಾಳೆ. ಕಡಿಮೆ ಶಕ್ತಿಯಲ್ಲಿ ಹೊಡೆದರೆ ಸಣ್ಣ ಥೀಸಿಸ್, ಖಾತ್ರಿ. ಪೂರ್ತಿ ಶಕ್ತಿಗೆ ಹೋಗಿ ನಿನ್ನೆಯದು ಸುಳ್ಳೆಂದಾದರೆ ಏನೂ ಇಲ್ಲ.
ಕಾಫಿ ಮೆಷಿನ್ ಹತ್ತಿರ ಹಿಡಿದಳು. "ತಮಾಷೆ ಬೇಡ ಕಣೋ. ಸರಿಸಿದ್ಯಾ?"
"ಪ್ರತಿ ಸಲವೂ."
"ಈ ಮಾತು ಬೇರೆ ಯಾರಾದ್ರೂ ಹೇಳಬಾರದಿತ್ತಾ..." ಕಾಫಿ ಕಪ್ ತಿರುಗಿಸುತ್ತಲೇ ಇದ್ದಳು. "ಸರಿ. ಪೂರ್ತಿ ಶಕ್ತಿ. ಜಾಗ ದೂರ ದೂರ ಬಿಡೋಣ."
"ಗೈಡೇ ಸರಿಸಲಿ ಅಕ್ಕ. ನಾನು ಒಳಗೇ ಬರಲ್ಲ."

ಮಾರ್ಚ್ 8, 11.20
ಸ್ವಯಂ ಗಡೀಪಾರು. ಕಾರಿಡಾರಿನ ಬೆಂಚು. ಎದುರಿಗೆ ಗಾರ್ಡಣ್ಣ.
"ಏನಪ್ಪಾ, ಹೊರಗೆ ಹಾಕಿದ್ರಾ?"
"ನಾನೇ ಬಂದೆ. ನನ್ನನ್ನ ನೋಡ್ತಾ ಇರಣ್ಣ, ಎಲ್ಲೂ ಹೋಗಲಿಲ್ಲ ಅಂತ ಹೇಳ್ಬೇಕು."
"ನಿನ್ನ ಕಾಯೋದಕ್ಕೇ ತಾನೆ ನಂಗೆ ಸಂಬಳ?"
ಪಲ್ಸ್ ಬಿದ್ದದ್ದು ಹೊರಗೆ ಕೇಳಿಸುವುದಿಲ್ಲ. ಬಾಗಿಲ ಮೇಲೆ ಕೆಂಪು ದೀಪ. ಆರಿತು. ಮತ್ತೆ ಕೆಂಪು. ಮತ್ತೆ... ಇಷ್ಟು ಹೊತ್ತು ಏನು ಮಾಡುತ್ತಿದ್ದಾರೆ?
ಬಾಗಿಲು. ಗೈಡ್. ನನ್ನನ್ನಲ್ಲ, ಗಾರ್ಡಣ್ಣನನ್ನು ಕೇಳುತ್ತಾರೆ — "ಇವನು ಇಲ್ಲೇ ಇದ್ನಾ?"
"ಅಲ್ಲಾಡ್ಲಿಲ್ಲ ಸಾರ್."
ಅವರ ಬೆನ್ನ ಹಿಂದಿನಿಂದ ಅಕ್ಕನ ದನಿ: "ಏಯ್ ಕೋತಿ, ದಾಟ್ತು! ಇನ್ನೂ ಜಾಗ ಉಳಿದಿದೆ, ಬಾ, ನೀನೇ ಸರಿಸು!"
ಹೊರಟೆ. ಡೈರಿ ಗಾರ್ಡಣ್ಣನ ಕೈಗೆ — ಈಗ ಇದನ್ನು ಕಾಯಲಿ.