ಗ್ಯಾಂಗಿನ ಅಜ್ಜ

ಸ್ಯಾನ್ ರಮೋನ್
9 ಮಾರ್ಚ್ 2025, ಭಾನುವಾರ

ಪ್ರೀತಿಯ ಅಪ್ಪನಿಗೆ,

ಉಮಾಶ್ರೀಯ ನಮಸ್ಕಾರಗಳು. ನಾವು ಮೂವರೂ ಆರಾಮ ಇದ್ದೇವೆ. ಫೋನಿನಲ್ಲಿ ನಿಮಗೆ ಕೇಳಿಸುವುದಿಲ್ಲ, ಅವ್ವ ನಡುವೆ ನಿಂತು ಕೂಗಿ ಹೇಳಿದರೆ ಅರ್ಧ ಅವಳದೇ ಮಾತಾಗಿರುತ್ತದೆ. ಅದಕ್ಕೇ ಕಾಗದ. ಇದನ್ನು ನೀವೇ ಓದಿ, ಮಂಜುನಾಥನ ಕೈಯಲ್ಲಿ ಓದಿಸಬೇಡಿ. ತಮ್ಮನ ಮುಂದೆ ಅಕ್ಕನ ಮಾನ ಸ್ವಲ್ಪವಾದರೂ ಉಳಿಯಲಿ.

ಹೋದ ಮಂಗಳವಾರ ಸ್ನೇಹಲ್‌ಳ ಶಾಲೆಯಿಂದ ಫೋನು ಬಂತು. ತಾಯಿಯೋ ತಂದೆಯೋ ಒಬ್ಬರು ಬಂದು ಹೋಗಬೇಕಂತೆ. ನಾನು ಸ್ಯಾನ್ ಮಟಿಯೋದ ಆಫೀಸಿನಲ್ಲಿ ಮೀಟಿಂಗಿನಲ್ಲಿದ್ದೆ. ಹುಡುಗಿ ಎಲ್ಲಿ ಬಿದ್ದಳೋ ಎಂದು ಅರ್ಧಕ್ಕೇ ಎದ್ದೆ. ಸೇತುವೆ ದಾಟಿ, ಫ್ರೀವೇ ಹಿಡಿದು, ಒಂದು ಗಂಟೆ ಕಾರು ಓಡಿಸಿಕೊಂಡು ಹೋದರೆ ಅವಳು ಆಫೀಸು ರೂಮಿನಲ್ಲಿ ಕುಳಿತು ಸೇಬು ತಿನ್ನುತ್ತಿದ್ದಳು. ತಪ್ಪಿತಸ್ಥರು ನೀವಾಗಿದ್ದಿರಿ.

ಇಲ್ಲಿ ನಾಲ್ಕನೇ ಇಯತ್ತೆಯ ಮಕ್ಕಳಿಗೆ ಈ ರಾಜ್ಯದ ಇತಿಹಾಸ ಇರುತ್ತದೆ. ನೂರೈವತ್ತು ವರ್ಷದ ಹಿಂದೆ ಚಿನ್ನ, ಬೆಳ್ಳಿ ಸಿಕ್ಕ ಗುಡ್ಡದೂರುಗಳಿಗೆ ಮೊದಲ ರೈಲು ದಾರಿ ಹೇಗೆ ಹಾಕಿದರು ಎಂಬುದು ಈ ಸಲದ ಪ್ರಾಜೆಕ್ಟು. ಸ್ನೇಹಲ್ ರಟ್ಟಿನ ಗುಡ್ಡ ಮಾಡಿ, ಬುಡದಿಂದ ತುದಿಗೆ ನೆಟ್ಟಗೆ ಹಳಿ ಅಂಟಿಸಿದ್ದಳು. ಆಟಿಕೆ ರೈಲು ನಾಲ್ಕು ಬೆರಳು ಹತ್ತಿ ಹಿಂದಕ್ಕೆ ಜಾರುತ್ತಿತ್ತು. ಎರಡು ವರ್ಷದ ಹಿಂದೆ ನೀವು ಬಂದಾಗ ಅಡಿಗೆಮನೆಯಲ್ಲಿ ಬೋಗುಣಿ ಬೋರಲು ಹಾಕಿ, ಅದಕ್ಕೆ ಉಣ್ಣೆಯ ದಾರ ಸುತ್ತಿ, ಕ್ಯಾಸಲ್‌ರಾಕ್ ಘಾಟಿನಲ್ಲಿ ಮೂವತ್ತೇಳು ಅಡಿ ಹೋದರೆ ಒಂದೇ ಅಡಿ ಏರು ಎಂದು ಅವಳಿಗೆ ತೋರಿಸಿದ್ದಿರಂತೆ. ನನಗೆ ಗೊತ್ತೇ ಇರಲಿಲ್ಲ. ಅವಳು ಎಲ್ಲ ಕಿತ್ತು, ಗುಡ್ಡವನ್ನು ಬಳಸಿಕೊಂಡು ಹೋಗುವಂತೆ ಮತ್ತೆ ಹಳಿ ಅಂಟಿಸಿದಳು. ರೈಲು ಹತ್ತಿತು.

ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಅವಳು ನಿಮ್ಮ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಟ ಬರೆದಳು. ಅದರಲ್ಲಿದ್ದದ್ದು ಇಷ್ಟು: ನನ್ನ ಅಜ್ಜ ಸೋಮಲಿಂಗಪ್ಪ ಮೂವತ್ತನಾಲ್ಕು ವರ್ಷ ಗುಡ್ಡಗಳಲ್ಲಿ ಒಂದು ಗ್ಯಾಂಗಿನಲ್ಲಿದ್ದರು. ಗ್ಯಾಂಗಿನಲ್ಲಿ ಹನ್ನೆರಡು ಜನ. ಎಲ್ಲರ ಕೈಯಲ್ಲೂ ಕಬ್ಬಿಣದ ಹಾರೆ. ರೈಲು ನಿಲ್ಲಿಸಬೇಕಾದರೆ ಹಳಿಯ ಮೇಲೆ ಪಟಾಕಿ ಇಡುತ್ತಿದ್ದರು.

ಅಪ್ಪಾ, ನಮ್ಮ ಕಡೆ ಗ್ಯಾಂಗು ಎಂದರೆ ಹಳಿ ನೋಡಿಕೊಳ್ಳುವವರು. ಇಲ್ಲಿ ಮೊದಲು ನೆನಪಾಗುವುದು ಕೊಲೆ, ಸುಲಿಗೆಯವರು. ಚಿನ್ನದ ಗಾಡಿ ದೋಚಿದವರ ಕಥೆಯನ್ನೂ ಮಕ್ಕಳು ಅದೇ ವಾರ ಓದಿದ್ದರು. ಟೀಚರಮ್ಮ ಪುಟವನ್ನು ನನ್ನ ಮುಂದಿಟ್ಟು, ಬಹಳ ಮರ್ಯಾದೆಯಿಂದ, ಮನೆಯಲ್ಲಿ ಎಲ್ಲ ಸರಿಯಾಗಿದೆಯೇ ಎಂದು ಕೇಳಿದರು.

ಮಣ್ಣು ಕುಸಿದಾಗ, ಹಳಿ ಬಿರಿದಾಗ, ಡ್ರೈವರಿಗೆ ಸದ್ದು ಕೇಳಿ ಗಾಡಿ ನಿಲ್ಲಲಿ ಎಂದು ಇಡುವ ಪಟಾಕಿ ಅದು ಎಂದು ವಿವರಿಸಿದೆ. ಅವರು ನಕ್ಕರು. ಗ್ಯಾಂಗು ಎನ್ನುವ ಒಂದು ಪದ ಬದಲಿಸಿದರೆ ಸಾಕು ಎಂದರು. ನಾನು ಹೂಂ ಎಂದು ಎದ್ದು ಬರಬೇಕಿತ್ತು. ಆದರೆ ಇಲ್ಲಿಯ ನಮ್ಮ ಕನ್ನಡ ಬಳಗದ ದೇವೇಂದ್ರಪ್ಪನವರ ಮಗಳೂ ಅದೇ ಕ್ಲಾಸಿನಲ್ಲಿದ್ದಾಳೆ. ಏಪ್ರಿಲಿನಲ್ಲಿ ಎಲ್ಲ ಪಾಲಕರನ್ನು ಕರೆದು ಪ್ರಾಜೆಕ್ಟು ತೋರಿಸುತ್ತಾರೆ. ಅದು ತಲೆಗೆ ಬಂದದ್ದೇ ತಡ, ಪದ ಯಾಕೆ, ಆ ಪುಟವನ್ನೇ ತೆಗೆದುಬಿಡೋಣ ಎಂದೆ. ಅವರು ಕೇಳಿರಲಿಲ್ಲ. ನಾನಾಗಿ ಹೇಳಿದೆ.

ಸ್ನೇಹಲ್ ಯಾವತ್ತೂ ನನಗೆ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು. ಅವತ್ತು ಕನ್ನಡದಲ್ಲಿ, ನಿಮ್ಮದೇ ರಾಗದಲ್ಲಿ ಕೇಳಿದಳು: “ಅಜ್ಜ ಬ್ಯಾಡಾ, ಅಮ್ಮಾ?”

ನನಗೆ ನಾಚಿಕೆಯಾಯಿತು, ಅಪ್ಪಾ. ಒಂಬತ್ತು ವರ್ಷದ ಹುಡುಗಿಯ ಮುಂದೆ ಹಾಗೆ ನಾಚಿಕೆಯಾಗುವುದು ಸಣ್ಣ ಮಾತಲ್ಲ. ಆಮೇಲೆ ಕುಳಿತು ಟೀಚರಿಗೆ ಎಲ್ಲ ಹೇಳಿದೆ. ಹನ್ನೆರಡು ಜನ ಹಳಿಯ ಕೆಳಗೆ ಒಟ್ಟಿಗೆ ಹಾರೆ ಕೊಡುವುದು, ಒಬ್ಬ ಕೂಗುವುದು, ಎಲ್ಲರೂ ಒಂದೇ ದಮ್ಮಿಗೆ ಎತ್ತುವುದು, ಹಳಿ ಹೊರುವ ಸ್ಲೀಪರಿನ ಅಡಿಗೆ ಜಲ್ಲಿ ತುಂಬುವುದು. ಅದಿರಿನ ಗಾಡಿ ಇಳಿದು ಹೋದ ಮೇಲೆ ಮತ್ತೆ ಅದನ್ನೇ ಮಾಡುವುದು. ಬುತ್ತಿ ತರುತ್ತಿದ್ದವಳು ನಾನೇ, ನೋಡಿದ್ದು ಮರೆತಿಲ್ಲ. ಕಂಪನಿ ಯಾರದು, ಸುರಂಗ ಎಷ್ಟುದ್ದ ಎಂಬುದೆಲ್ಲ ಪುಸ್ತಕದಲ್ಲಿ ಸಿಗುತ್ತದೆ, ಹಾರೆ ಹಿಡಿದವನು ಬೆಳಗಿನಿಂದ ಸಂಜೆಯವರೆಗೆ ಏನು ಮಾಡುತ್ತಿದ್ದ ಎಂದು ತನಗೂ ತಿಳಿದಿರಲಿಲ್ಲ ಎಂದರು ಅವರು.

ಈಗ ನನ್ನ ಮಾತು. ಹೋದ ಸಲ ನೀವಿದ್ದಾಗ ನಮ್ಮ ಮನೆಯ ಊಟಕ್ಕೆ ಬಂದ ದೇವೇಂದ್ರಪ್ಪನವರು ರೈಲ್ವೆಯಲ್ಲಿ ಏನಾಗಿದ್ದಿರಿ ಎಂದು ನಿಮ್ಮನ್ನು ಕೇಳಿದರು. ನೀವು ಬಾಯಿ ತೆರೆಯುವ ಮೊದಲೇ ನಾನು, ಘಾಟಿನ ಲೈನೆಲ್ಲ ಅಪ್ಪನ ಕೈಕೆಳಗೇ ಇತ್ತು ಎಂದೆ. ಸುಳ್ಳು ಹೇಳಲಿಲ್ಲ ಎಂದು ಎರಡು ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಅವರು ನಿಮ್ಮನ್ನು ದೊಡ್ಡ ಎಂಜಿನಿಯರ್ ಎಂದುಕೊಂಡರು, ನಾನು ತಿದ್ದಲಿಲ್ಲ. ನಿಮ್ಮ ರೈಲ್ವೆ ಪಾಸಿನಲ್ಲಿ ದಿನಾ ಧಾರವಾಡಕ್ಕೆ ಓಡಾಡಿ ಓದಿದವಳು ನಾನು. ನೀವು ಮರುವಾರವೇ ಟಿಕೆಟ್ ಬದಲಿಸಿ, ಐದು ವಾರ ಮೊದಲೇ ಊರಿಗೆ ಹೊರಟಿರಿ. ಹೊಲದ ಕೆಲಸವಿದೆ ಎಂದಿರಿ. ನಮಗೆ ಹೊಲವೇ ಇಲ್ಲ, ಅಪ್ಪಾ.

ನಿನ್ನೆ ದೇವೇಂದ್ರಪ್ಪನವರ ಮನೆಗೆ ನಾನೇ ಹೋಗಿ, ನಮ್ಮಪ್ಪ ಗ್ಯಾಂಗ್‌ಮನ್ ಆಗಿದ್ದರು ಎಂದು ಹೇಳಿದೆ. ಅವರು “ಹೌದೇನ್ರಿ” ಎಂದು, ತಿನ್ನುತ್ತಿದ್ದ ಗಿರಮಿಟ್ಟಿಗೆ ಇನ್ನೊಂದು ಮೆಣಸಿನಕಾಯಿ ಹಾಕಿಸಿಕೊಂಡರು. ಇಷ್ಟಕ್ಕೇ ನಾನು ಹೆದರಿ ಸತ್ತದ್ದು.

ಪುಟ ಹಾಗೇ ಇದೆ. ಗ್ಯಾಂಗು ಎನ್ನುವ ಪದವನ್ನೂ ಸ್ನೇಹಲ್ ತೆಗೆಯಲಿಲ್ಲ, ಕೆಳಗೆ ಅರ್ಥ ಬರೆದಳು. ಏಪ್ರಿಲ್ 24ಕ್ಕೆ, ಪ್ರಾಜೆಕ್ಟು ತೋರಿಸುವ ದಿನ, ನೀವೇ ಬಂದು ಮಕ್ಕಳಿಗೆ ಹಾರೆ ಹಿಡಿಯುವುದನ್ನು ತೋರಿಸಬೇಕಂತೆ. ನಿಮ್ಮ ಅಳಿಯ ಕಿರಣಕುಮಾರ ಇಂದೇ ಟಿಕೆಟ್ ತೆಗೆಯೋಣ ಎಂದರು, ನಾನೇ ತಡೆದೆ. ಬರುತ್ತೀರೋ ಇಲ್ಲವೋ ನೀವು ಹೇಳಬೇಕು. ಬರುವುದಿಲ್ಲ ಎಂದರೆ ಯಾಕೆ ಎಂದು ಕೇಳುವುದಿಲ್ಲ, ನನಗೆ ಗೊತ್ತು. ಆದರೂ ಬನ್ನಿ. ಈ ಸಲ ಯಾರು ಏನು ಕೇಳಿದರೂ ಉತ್ತರ ನಿಮ್ಮದೇ.

ನಿಮ್ಮ ಮಗಳು,
ಉಮಾಶ್ರೀ

ತಾ.ಕ.: ಇನ್ನೊಂದು ಉಳಿಯಿತು. ಹೋದ ಸಲ ಲಿವರ್‌ಮೋರಿನ ಗುಡಿಗೆ ಹೋದಾಗ, ಒಳಗೆ ಏಸಿ, ಚಳಿಯಾಗುತ್ತದೆ, ಕೈ ಕೋಟಿನ ಜೇಬಿನಲ್ಲಿ ಇಟ್ಟುಕೊಳ್ಳಿ ಎಂದೆನಲ್ಲ. ಚಳಿ ಇರಲಿಲ್ಲ. ಹಾರೆ ಹಿಡಿದು ಗಂಟುಗಟ್ಟಿದ ನಿಮ್ಮ ಅಂಗೈ ಯಾರ ಕಣ್ಣಿಗೂ ಬೀಳಬಾರದು ಎಂದು ಹಾಗೆ ಹೇಳಿದ್ದೆ. ನಿಮಗೂ ಅದು ಗೊತ್ತಾಗಿತ್ತು. ಪೂಜಾರಿಗಳು ತೀರ್ಥ ತಂದಾಗ ನೀವು ತಲೆ ಬಾಗಿಸಿದಿರಿ, ಕೈ ಹೊರಗೆ ತೆಗೆಯಲಿಲ್ಲ.