ರುಮಾಲಿನ ಕೆಳಗಿನ ಕೈ

ಧರೆಪ್ಪಣ್ಣಾ,

ನಿನ್ನೆ ಸಂತೆಯಲ್ಲಿ ಎತ್ತಿನ ಬೆಲೆ ಕುದುರಿಸಲು ರುಮಾಲಿನ ಕೆಳಗೆ, ಕೊಳ್ಳಲು ಬಂದ ವಿರುಪಾಕ್ಷಪ್ಪನ ಬೆರಳು ಹಿಡಿದಾಗ ನನ್ನ ಕೈ ನಡುಗಿತು. ಒಮ್ಮೆ ಹಾರುವ, ಒಮ್ಮೆ ಕುಸಿಯುವ ಮನಸ್ಸಿಗೆಂದು ಮಿರಜದ ಡಾಕ್ಟರು ಅಂದು ನಿನಗೆ ಕೊಟ್ಟ ಗುಳಿಗೆಯನ್ನೇ ಈಗ ನನಗೂ ಕೊಟ್ಟಿದ್ದಾರೆ; ಈ ನಡುಕ, ತೀರದ ನೀರಡಿಕೆ ಅದರದೇ.

“ಯಾಕಲೇ ದಲಾಲ, ಕೈ ನಡಗತೈತಿ? ಕಳುವಿನ ಎತ್ತೇನ?” ಎಂದು ಅವನು ಎದ್ದ. ಜನರೊಂದಿಗೆ ನಾನೂ ನಕ್ಕೆ, ನಗುವುದಕ್ಕೂ ದಣಿವು.

ಮನೆಗೆ ಬಂದು ಹೆಂಡತಿಗೆ “ಇನ್ನ ಗುಳಿಗಿ ಸಾಕು” ಎಂದೆ.

“ನಿಮ್ಮಣ್ಣಗೂ ಹಿಂಗ ಅಂದಿದ್ರಿ,” ಎಂದಳು ಸುಂದ್ರವ್ವ.

ಹೌದು. ನೀನು ಗುಳಿಗೆ ಬಿಟ್ಟ ಮೂರನೇ ವಾರ ಯಡೂರಿನ ಹೊಳೆದಂಡೆಯಲ್ಲಿ ನಿನ್ನ ಚಪ್ಪಲಿಗಳಷ್ಟೇ ಸಿಕ್ಕವು.

ಗುಳಿಗೆ ನುಂಗಿದೆ. ನೀರು ಅಂಗಿಯ ಮೇಲೆ ಚೆಲ್ಲಿತು. ಮುಂದಿನ ಸಂತೆಯಿಂದ ರುಮಾಲು ಬೇಡ, ಬೆಲೆಯನ್ನು ಬಾಯಲ್ಲೇ ಹೇಳುತ್ತೇನೆ. ಬಾಯಿ ನಡುಗುವುದಿಲ್ಲ. ನಿನಗೆ ಗುಳಿಗೆ ಬಿಡು ಎಂದಾಗಲೂ ನಡುಗಿರಲಿಲ್ಲ.